ಓದುಗರ ಗ್ಯಾರೇಜ್: ಪುಟ್ಟ ಟರ್ಬೊ, ದೊಡ್ಡ ಡಿಕ್ಕಿ

ಜರ್ಮನಿಯಲ್ಲಿ ನೆಲೆಸಿರುವ ಓದುಗರಿಂದ ಈ ಸಲ ಒಂದೇ ಕಾರಿನ ಬಗ್ಗೆ ಪ್ರಶ್ನೆ ಮೇಲೆ ಪ್ರಶ್ನೆ ಬಂದಿವೆ. ಆ ಕಾರು ಸ್ಕೋಡಾ ಫ್ಯಾಬಿಯಾ ಕಾಂಬಿ, ಅಂದರೆ ಛಾವಣಿ ಹಿಂದಿನ ತನಕ ಚಾಚಿ ಡಿಕ್ಕಿ ದೊಡ್ಡದಾಗಿರುವ ಎಸ್ಟೇಟ್ ಮಾದರಿ. ಸುಮಾರು ನಾಲ್ಕೂಕಾಲು ಮೀಟರ್ ಉದ್ದ, 530 ಲೀಟರ್ ಡಿಕ್ಕಿ, ಹಿಂದಿನ ಸೀಟು ಮಡಚಿದರೆ 1,395 ಲೀಟರ್, ಬಾನೆಟ್ ಕೆಳಗೆ ಒಂದು ಲೀಟರಿನ ಮೂರು ಸಿಲಿಂಡರ್ ಟರ್ಬೊ ಪೆಟ್ರೋಲ್ ಎಂಜಿನ್ (ಕಂಪನಿ ಇಟ್ಟ ಹೆಸರು ಟಿಎಸ್‌ಐ). ಹೊಸದು ಈಗ ಸಿಗುವುದಿಲ್ಲ, ಹಾಗಾಗಿ ಎಲ್ಲರ ಪ್ರಶ್ನೆಯೂ ಸೆಕೆಂಡ್ ಹ್ಯಾಂಡ್ ಗಾಡಿಯದೇ.

ಪ್ರಶ್ನೆ: ಎರಡು ಕಾಂಬಿ ನೋಡಿಟ್ಟಿದ್ದೇವೆ. ಒಂದು 2013ರ 1.2 ಟಿಎಸ್‌ಐ, ಇನ್ನೊಂದು 2018ರ 1.0 ಟಿಎಸ್‌ಐ, 110 ಪಿಎಸ್ (ಅಶ್ವಶಕ್ತಿ), 92,000 ಕಿ.ಮೀ. ಓಡಿದೆ. ಹಳೆಯದಕ್ಕೆ ಅರ್ಧ ಬೆಲೆ. ಯಾವುದು ತಗೊಳ್ಳಬಹುದು? ನೋಡುವಾಗ ಏನೇನು ಪರೀಕ್ಷಿಸಬೇಕು? (ಸ್ಟುಟ್‌ಗಾರ್ಟ್)

ಎರಡನೆಯದನ್ನೇ ತಗೊಳ್ಳಿ. ಬೆಲೆಯ ವ್ಯತ್ಯಾಸ ಎಲ್ಲಿಂದ ಬಂತು ಎಂಬುದು ಗೊತ್ತಾದರೆ ಇದು ಸುಲಭವಾಗಿ ತೀರ್ಮಾನವಾಗುವ ವಿಷಯ.

2013ರ ಗಾಡಿಯಲ್ಲಿರುವುದು ಟೈಮಿಂಗ್ ಚೈನ್ (ಪಿಸ್ಟನ್ನಿಗೂ ವಾಲ್ವಿಗೂ ತಾಳ ತಪ್ಪದಂತೆ ನೋಡಿಕೊಳ್ಳುವ ಚೈನ್) ಇರುವ ಹಳೆಯ 1.2 ಎಂಜಿನ್. ಈ ಚೈನ್ ಹಿಗ್ಗುತ್ತದೆ. ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಆಯಿಲ್ ಒತ್ತಡದಿಂದ ಕೆಲಸ ಮಾಡುವಂಥದ್ದು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಒತ್ತಡ ಇಳಿದಿರುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ಕರಕರ ಶಬ್ದ ಬರುತ್ತದೆ. ಹಾಗೇ ಬಿಟ್ಟರೆ ಚೈನ್ ಹಲ್ಲು ಜಿಗಿದು, ಪಿಸ್ಟನ್ನಿಗೆ ವಾಲ್ವ್ ಬಡಿದು ಎಂಜಿನ್ ಹಾಳಾಗುತ್ತದೆ. ಇಳಿಜಾರಿನಲ್ಲಿ ಬರೀ ಗೇರಿನ ಮೇಲೆ ನಿಲ್ಲಿಸುವ ಅಭ್ಯಾಸ ಈ ಎಂಜಿನ್ನಿಗೆ ಆಗದು. ಗಾಡಿಯ ಭಾರ ಎಂಜಿನ್ನನ್ನು ಹಿಂದಕ್ಕೆ ತಿರುಗಿಸಿದರೆ ಸಡಿಲವಾದ ಚೈನ್ ಜಾಗ ಬಿಡಬಹುದು. ಸುಧಾರಿಸಿದ ಚೈನ್ ಕಿಟ್ ಹಾಕಿಸಿದ ಬಿಲ್ ಇದ್ದರಷ್ಟೇ ಅದರ ಮಾತು.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. 2015ರಲ್ಲಿ ಬಂದ ಮೂರನೇ ತಲೆಮಾರಿನ ಕಾಂಬಿಯಲ್ಲೂ ಮೊದಲು '1.2 ಟಿಎಸ್‌ಐ' ಎಂದೇ ಬರೆದಿತ್ತು. ಸಿಸಿ ಕೂಡ ಅದೇ 1,197. ಆದರೆ ಅದು ಬೇರೆಯೇ ಎಂಜಿನ್, ಚೈನ್ ಬದಲು ಹಲ್ಲಿನ ಬೆಲ್ಟ್ ಇದೆ. ಹಿಂಬದಿಯ ಬ್ಯಾಡ್ಜ್ ನೋಡಿ ಇವೆರಡನ್ನು ಬೇರೆ ಮಾಡಲಾಗುವುದಿಲ್ಲ. ಮಾರುವವರ ಕೈಲಿರುವ ಫಾರ್‌ತ್ಸೊಯ್ಗ್‌ಶೈನ್‌ನಲ್ಲಿ (ಜರ್ಮನಿಯ ವಾಹನ ನೋಂದಣಿ ಪತ್ರ) ಪಿ.1 ಮತ್ತು ಪಿ.2 ಕಾಲಂ ನೋಡಿ. 1,197 ಸಿಸಿ ಜೊತೆ 63 ಅಥವಾ 77 ಕಿಲೋವ್ಯಾಟ್ ಎಂದಿದ್ದರೆ ಚೈನ್, 66 ಅಥವಾ 81 ಎಂದಿದ್ದರೆ ಬೆಲ್ಟ್. 999 ಸಿಸಿ ಜೊತೆ 70 ಅಥವಾ 81 ಎಂದಿದ್ದರೆ 2017ರಿಂದ ಬಂದ 1.0 ಟಿಎಸ್‌ಐ. 70 ಎಂದರೆ 95 ಪಿಎಸ್, 160 ನ್ಯೂಟನ್ ಮೀಟರ್, ಐದು ಗೇರು. 81 ಎಂದರೆ 110 ಪಿಎಸ್, 200 ನ್ಯೂಟನ್ ಮೀಟರ್, ಆರು ಗೇರು ಅಥವಾ ಏಳು ಗೇರಿನ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್). ಮನೆಮಂದಿಯೆಲ್ಲ ಕೂತು ಡಿಕ್ಕಿಯೂ ತುಂಬಿದ ಗಾಡಿ ಆಟೊಬಾನ್ (ಜರ್ಮನಿಯ ಹೆದ್ದಾರಿ) ಏರು ಹತ್ತುವಾಗ ಆ 40 ನ್ಯೂಟನ್ ಮೀಟರ್ ನಿಜವಾಗಿ ಗೊತ್ತಾಗುತ್ತದೆ.

ಈ 1.0ದ ಬೆಲ್ಟ್ ಆಯಿಲ್‌ನಲ್ಲಿ ಮುಳುಗಿರುವುದಿಲ್ಲ, ಹೊರಗೆ ಒಣಗಿದ ಜಾಗದಲ್ಲಿ ಓಡುತ್ತದೆ. ಫೋರ್ಡ್ 1.0 ಇಕೊಬೂಸ್ಟ್, ಪ್ಯೂಜೊ 1.2 ಪ್ಯೂರ್‌ಟೆಕ್ ಎಂಜಿನ್‌ಗಳಲ್ಲಿ ಬಹಳ ವರ್ಷ ಆಯಿಲ್‌ನಲ್ಲಿ ನೆನೆಯುವ ಬೆಲ್ಟ್ ಇತ್ತು. ಅಲ್ಲಿ ಬೆಲ್ಟಿನ ರಬ್ಬರ್ ಉದುರಿ ಆಯಿಲ್ ಪಂಪಿನ ಜಾಲರಿ ಕಟ್ಟಿಕೊಳ್ಳುವ ತೊಂದರೆ. ಅದು ಇಲ್ಲಿಲ್ಲ. ಹಾಗೆಂದು ಈ ಬೆಲ್ಟ್ ಶಾಶ್ವತವೂ ಅಲ್ಲ. ಹತ್ತು ವರ್ಷ ತುಂಬಿದ ಗಾಡಿಯಾದರೆ ಕಿಲೋಮೀಟರ್ ಕಮ್ಮಿಯಿದ್ದರೂ ಬೆಲ್ಟ್, ಟೆನ್ಷನರ್, ಐಡ್ಲರ್ ಮೂರನ್ನೂ ಒಟ್ಟಿಗೆ ಹಾಕಿಸಿ ಎನ್ನುವುದು ನಮ್ಮ ಸಲಹೆ. ಕ್ಯಾಮ್‌ಶಾಫ್ಟ್ ಲಾಕ್ ಮಾಡುವ ಟೂಲ್ ಇಲ್ಲದ ಗ್ಯಾರೇಜಿನವರು ಇದಕ್ಕೆ ಕೈ ಹಾಕಬಾರದು.

ಇನ್ನು ನೋಡುವ ಕ್ರಮ. 'ನಾವು ಬರುವ ಮುಂಚೆ ಗಾಡಿ ಸ್ಟಾರ್ಟ್ ಮಾಡಬೇಡಿ' ಎಂದು ಹಿಂದಿನ ದಿನವೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇವೆ ಎನ್ನಿ. ತಣ್ಣಗಿದ್ದಾಗ ಕೂಲಂಟ್ ಡಬ್ಬಿಯ ಮಟ್ಟ ಕನಿಷ್ಠ ಗೆರೆಗೂ ಗರಿಷ್ಠ ಗೆರೆಗೂ ನಡುವೆ ಇರಬೇಕು. ಸ್ಟಾರ್ಟ್ ಮಾಡಿದ ಮೇಲೆ ಟಿಕ್ ಟಿಕ್ ಎನ್ನುವುದು ಇಂಜೆಕ್ಟರ್ ಸದ್ದು, ಅದಕ್ಕೆ ಹೆದರಬೇಡಿ. ಮೂರು ಸಿಲಿಂಡರ್ ಎಂಜಿನ್, ಬ್ಯಾಲೆನ್ಸರ್ ಶಾಫ್ಟ್ ಇಲ್ಲ, ಆದ್ದರಿಂದ ಸ್ಟೇರಿಂಗ್‌ನಲ್ಲಿ ಸಣ್ಣ ನಡುಕ ಸಹಜ. ಸೀಟು, ಕನ್ನಡಿ ಎಲ್ಲ ಅಲುಗುವಷ್ಟಿದ್ದರೆ ಎಂಜಿನ್ ಮೌಂಟ್ ನೋಡಿಸಬೇಕು.

ಎಂಜಿನ್ ಬಿಸಿಯಾದ ಮೇಲೆ ಮೂರನೇ ಗೇರಿನಲ್ಲಿ 1,500 ಆರ್‌ಪಿಎಂನಿಂದ ಪೂರ್ತಿ ಒತ್ತಿ. 2,000 ದಾಟಿದ ಮೇಲೆ ಒಂದೇ ಸಮನೆ ಎಳೆಯಬೇಕು. ನಡುವೆ ಮುಗ್ಗರಿಸಿದರೆ ಬಹುತೇಕ ಸ್ಪಾರ್ಕ್ ಪ್ಲಗ್ಗು ಅಥವಾ ಕಾಯಿಲ್. ಪ್ಲಗ್ ಬದಲಾವಣೆ 60,000 ಕಿ.ಮೀ. ಅಥವಾ ನಾಲ್ಕು ವರ್ಷಕ್ಕೆ. 92,000 ಓಡಿದ ಗಾಡಿಯಲ್ಲಿ ಆ ಕೆಲಸ ಆಗಿರಲೇಬೇಕು. ಕಾಲು ತೆಗೆದಾಗ ಟರ್ಬೊ ಕಡೆಯಿಂದ ತಗಡು ಅದುರಿದಂಥ ಝಣಝಣ ಬಂದರೆ ಅದು ವೇಸ್ಟ್‌ಗೇಟಿನ (ಟರ್ಬೊ ಒತ್ತಡ ಮೀರದಂತೆ ಹೊಗೆಯನ್ನು ಪಕ್ಕಕ್ಕೆ ಬಿಡುವ ಪುಟ್ಟ ಬಾಗಿಲು) ಸಡಿಲ. ಸರ್ವಿಸ್ ದಾಖಲೆ ಪುಸ್ತಕದಲ್ಲಿ ಇರುವುದಿಲ್ಲ, ಕಂಪನಿಯ ಕಂಪ್ಯೂಟರಿನಲ್ಲಿರುತ್ತದೆ. ಅದರ ಪ್ರಿಂಟ್ ಕೇಳಿ ಪಡೆಯಿರಿ.

ಕೊನೆಯಲ್ಲಿ ಡಿಕ್ಕಿ. ನೆಲದ ಹಲಗೆ ಎತ್ತಿ, ಸ್ಟೆಪ್ನಿ ಗುಂಡಿಯ ಮೂಲೆಗೆ ಬೆರಳು ಹಾಕಿ ಒದ್ದೆಯಿದೆಯಾ ನೋಡಿ. ಎಸ್ಟೇಟ್ ಕಾರುಗಳಲ್ಲಿ ಹಿಂಬಾಗಿಲಿಗೆ ಹೋಗುವ ವೈರುಗಳೂ ಹಿಂದಿನ ಗಾಜು ತೊಳೆಯುವ ನೀರಿನ ಪೈಪೂ ಹಿಂಜ್ ಹತ್ತಿರದ ರಬ್ಬರ್ ತೋಳಿನೊಳಗೆ ಹಾಯುತ್ತವೆ. ಬಾಗಿಲು ಸಾವಿರಾರು ಸಲ ಎತ್ತಿ ಇಳಿಸಿದಾಗ ಅಲ್ಲೇ ಮಡಿಕೆ ಬಿದ್ದು ತುಂಡಾಗುವುದು. ಹಿಂದಿನ ವೈಪರ್, ನಂಬರ್ ಪ್ಲೇಟ್ ದೀಪ, ಬಾಗಿಲಿನ ಲಾಕ್ ಮೂರೂ ಒಂದೊಂದಾಗಿ ಹಾಕಿ ನೋಡಿ.

ಪ್ರಶ್ನೆ: 2017ರ 1.0 ಟಿಎಸ್‌ಐ ಕಾಂಬಿ. ಎರಡು ತಿಂಗಳಿಗೊಮ್ಮೆ ಕೂಲಂಟ್ ಕನಿಷ್ಠ ಗೆರೆಗೆ ಇಳಿಯುತ್ತದೆ. ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಕಾಣುವುದಿಲ್ಲ. ಹೆಡ್ ಗ್ಯಾಸ್ಕೆಟ್ ಹೋಗಿದೆಯೇ? (ಎರ್ಲಾಂಗೆನ್)

ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಎಂದು ಹೆದರುವ ಮುಂಚೆ ವಾಟರ್ ಪಂಪ್ ನೋಡಿಸಿ. ಈ ಎಂಜಿನ್ನಿನಲ್ಲಿ ಸೋರುವ ಜಾಗ ಸಾಮಾನ್ಯವಾಗಿ ಅದೇ, ಹನಿ ಯಾಕೆ ಕಾಣುವುದಿಲ್ಲ ಎಂಬುದಕ್ಕೂ ಕಾರಣವಿದೆ.

ಇಲ್ಲಿ ವಾಟರ್ ಪಂಪ್ ಟೈಮಿಂಗ್ ಬೆಲ್ಟಿನ ಬದಿಯಲ್ಲಿಲ್ಲ. ಎಂಜಿನ್ನಿನ ಇನ್ನೊಂದು ತುದಿಯಲ್ಲಿ, ಗೇರ್‌ಬಾಕ್ಸಿನ ಮೇಲೆ, ಕ್ಯಾಮ್‌ಶಾಫ್ಟಿನಿಂದ ಓಡುವ ಗೇಣುದ್ದದ ಪುಟ್ಟ ಹಲ್ಲಿನ ಬೆಲ್ಟ್ ಇದೆ. ಅದು ತಿರುಗಿಸುವ ಪಂಪೂ ಥರ್ಮೋಸ್ಟಾಟುಗಳೂ ಒಂದೇ ಪ್ಲಾಸ್ಟಿಕ್ ಮನೆಯೊಳಗಿವೆ. ಬ್ಲಾಕಿಗೆ ಒಂದು ಥರ್ಮೋಸ್ಟಾಟ್, ಹೆಡ್ಡಿಗೆ ಇನ್ನೊಂದು. ಎಂಜಿನ್ ಬೇಗ ಬಿಸಿಯಾಗಲಿ ಎಂದು ಮಾಡಿದ ಏರ್ಪಾಡು, ಒಳ್ಳೆಯ ಏರ್ಪಾಡೇ. ಆದರೆ ಆ ಮನೆ ವರ್ಷಗಟ್ಟಲೆ ಕಾದು ಆರಿ ಸ್ವಲ್ಪ ಸೊಟ್ಟಗಾದರೆ ಸೀಲಿನ ಅಂಚಿನಲ್ಲಿ ಕೂಲಂಟ್ ಜಿನುಗುತ್ತದೆ. ಜಿನುಗಿದ್ದು ಬಿಸಿ ಗೇರ್‌ಬಾಕ್ಸಿನ ಮೇಲೆ ಬಿದ್ದು ಅಲ್ಲೇ ಆರಿಹೋಗುತ್ತದೆ, ನೆಲ ಮುಟ್ಟುವುದೇ ಇಲ್ಲ.

ನೀವೇ ನೋಡಬಹುದು. ಎಂಜಿನ್ ಪೂರ್ತಿ ತಣ್ಣಗಿರಲಿ. ಗಾಳಿ ಎಳೆಯುವ ಪೈಪು ಬಿಚ್ಚಿ, ಗೇರ್‌ಬಾಕ್ಸ್ ಕಡೆಯ ತುದಿಗೆ ಮೊಬೈಲಿನ ಟಾರ್ಚ್ ಹಿಡಿಯಿರಿ. ಪ್ಲಾಸ್ಟಿಕ್ ಜೋಡಣೆಯ ಕೆಳಗೆ ಮತ್ತು ಗೇರ್‌ಬಾಕ್ಸಿನ ಬೆನ್ನಿನ ಮೇಲೆ ತೆಳು ಗುಲಾಬಿ ಬಣ್ಣದ, ಉಪ್ಪು ಹೆಪ್ಪುಗಟ್ಟಿದಂಥ ಹಕ್ಕಳೆ ಕಂಡರೆ ಸೋರಿಕೆ ಅಲ್ಲೇ. ಓಡಿಸಿ ಬಂದ ಮೇಲೆ ಬಾನೆಟ್ ಎತ್ತಿದಾಗ ಸಿಹಿ ವಾಸನೆಯೂ ಬರುತ್ತದೆ.

ಸೀಲು ಮಾತ್ರ ಬದಲಾಯಿಸಿದರೆ ಕೆಲವು ತಿಂಗಳಲ್ಲಿ ಅದೇ ಕಥೆ. ಪಂಪು, ಮನೆ, ಪುಟ್ಟ ಬೆಲ್ಟು ಮೂರನ್ನೂ ಹೊಸದು ಹಾಕಿಸಿ. ಬೋಲ್ಟುಗಳನ್ನು ಹೇಳಿದ ಕ್ರಮದಲ್ಲಿ, ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಪಂಪನ್ನು ಬೆಲ್ಟಿನ ಬಿಗಿತಕ್ಕೆ ಸರಿಯಾಗಿ ಹೊಂದಿಸದಿದ್ದರೆ ಹೊಸ ಬೆಲ್ಟೂ ಬಾಳಿಕೆ ಬರುವುದಿಲ್ಲ. ಆ ಬೆಲ್ಟ್ ತುಂಡಾದರೆ ನೀರು ತಿರುಗುವುದು ನಿಂತು ಎಂಜಿನ್ ನಿಮಿಷಗಳಲ್ಲಿ ಕಾದುಹೋಗುತ್ತದೆ. ಮತ್ತೆ ತುಂಬುವಾಗ ವ್ಯಾಕ್ಯೂಮ್ ಹಾಕಿ ತುಂಬಿಸಲು ಹೇಳಿ, ಒಳಗೆ ಗಾಳಿ ಉಳಿದರೆ ಹೀಟರ್ ಒಮ್ಮೆ ಬಿಸಿ ಒಮ್ಮೆ ತಣ್ಣಗೆ ಊದುತ್ತದೆ. ಜಿ12 ಇವೊ ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ಅರ್ಧಕ್ಕರ್ಧ ಬೆರೆಸಿದರೆ ಮೈನಸ್ 35 ಡಿಗ್ರಿಯವರೆಗೆ ಗಟ್ಟಿಯಾಗುವುದಿಲ್ಲ. ಬವೇರಿಯಾದ ಎಷ್ಟೋ ಊರುಗಳಲ್ಲಿ ನಲ್ಲಿ ನೀರು ಗಡಸು, ಅದನ್ನು ಹಾಕಬೇಡಿ.

ಅಂಗಡಿಯಲ್ಲಿ ಸಿಗುವ ಸೋರಿಕೆ ನಿಲ್ಲಿಸುವ ಪುಡಿಯನ್ನಂತೂ ಖಂಡಿತ ಹಾಕಬೇಡಿ. ಈ ಎಂಜಿನ್ನಿನಲ್ಲಿ ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕೂಡ ನೀರಿನದೇ. ಅದು ಇನ್‌ಟೇಕ್ ಮ್ಯಾನಿಫೋಲ್ಡಿನ ಒಳಗೇ ಕೂತಿದೆ. ಪುಡಿ ಹೋಗಿ ಅದರ ಸಣ್ಣ ದಾರಿಗಳಲ್ಲಿ ಕಟ್ಟಿಕೊಂಡರೆ ಪಂಪಿನ ಖರ್ಚು ಉಳಿಸಲು ಹೋಗಿ ದೊಡ್ಡ ಖರ್ಚಿಗೆ ಬೀಳುತ್ತೀರಿ.

ಪಂಪಿನ ಕಡೆ ಒಣಗಿದ್ದರೂ ಮಟ್ಟ ಇಳಿಯುತ್ತಲೇ ಇದ್ದರೆ ಆಗ ಒತ್ತಡ ಹಾಕಿ ಪರೀಕ್ಷಿಸಿ, ಕೂಲಂಟ್ ಡಬ್ಬಿಯಲ್ಲಿ ಹೊಗೆಯ ಅನಿಲವಿದೆಯೇ ಎಂದು ನೋಡಿಸಿ. ಹೆಡ್ ಗ್ಯಾಸ್ಕೆಟ್ ಸರದಿ ಬರುವುದು ಅದಾದ ಮೇಲೆ.

ಪ್ರಶ್ನೆ: ನನ್ನದು 2019ರ ಗಾಡಿ, ಹೊಗೆಯ ಮಸಿ ಹಿಡಿಯುವ ಪಾರ್ಟಿಕ್ಯುಲೇಟ್ ಫಿಲ್ಟರ್ ಇದೆ. ಆಫೀಸು ನಾಲ್ಕೇ ಕಿ.ಮೀ. ಚಳಿಗಾಲದಲ್ಲಿ ಡಿಪ್‌ಸ್ಟಿಕ್ ಮೇಲೆ ಆಯಿಲ್ ಮಟ್ಟ ಏರಿದೆ, ಪೆಟ್ರೋಲ್ ವಾಸನೆಯೂ ಇದೆ. ಮನೆಯಲ್ಲಿ 502 00 ಎಂದು ಬರೆದ ಒಂದು ಡಬ್ಬಿ ಆಯಿಲ್ ಇದೆ, ಅದನ್ನೇ ಹಾಕಿ ಬದಲಾಯಿಸಬಹುದೇ? (ಮ್ಯೂನಿಕ್)

ಆ ಡಬ್ಬಿ ಬೇಡ. ಕೈಪಿಡಿಯಲ್ಲಿ ನಿಮ್ಮ ಎಂಜಿನ್ನಿಗೆ ಹೇಳಿರುವ 508 00 ಅಥವಾ 504 00 ಗುರುತಿನ ಆಯಿಲ್ ತನ್ನಿ (ಈ ಅಂಕಿಗಳು ಫೋಕ್ಸ್‌ವ್ಯಾಗನ್ ಬಳಗದ ಆಯಿಲ್ ಮಾನದಂಡಗಳು). ಮೊದಲನೆಯದು 0ಡಬ್ಲ್ಯೂ-20, ಹಸಿರು ಛಾಯೆಯದು. ಎರಡನೆಯದು ಸಾಮಾನ್ಯವಾಗಿ 5ಡಬ್ಲ್ಯೂ-30. ಆಯಿಲ್ ಫಿಲ್ಟರ್ ಸೇರಿ ಸುಮಾರು 4 ಲೀಟರ್ ಹಿಡಿಯುತ್ತದೆ. 502 00 ಆಯಿಲ್ ಸುಟ್ಟಾಗ ಬೂದಿ ಜಾಸ್ತಿ. ಪಾರ್ಟಿಕ್ಯುಲೇಟ್ ಫಿಲ್ಟರಿನಲ್ಲಿ ಕೂತ ಮಸಿ ಬಿಸಿಗೆ ಉರಿದುಹೋಗುತ್ತದೆ, ಬೂದಿ ಉರಿಯುವುದಿಲ್ಲ, ಅಲ್ಲೇ ಉಳಿದು ದಾರಿ ಕಟ್ಟುತ್ತದೆ.

ಮಟ್ಟ ಏರಿದ್ದು ಆಯಿಲ್ ಹೆಚ್ಚಿದ್ದರಿಂದಲ್ಲ, ಅದರೊಳಗೆ ಪೆಟ್ರೋಲ್ ಸೇರಿದ್ದರಿಂದ. ತಣ್ಣಗಿರುವಾಗ ಎಂಜಿನ್ ಪೆಟ್ರೋಲನ್ನು ಧಾರಾಳವಾಗಿ ಚಿಮ್ಮಿಸುತ್ತದೆ. ಇಲ್ಲಿ ಅದು ನೇರ ಸಿಲಿಂಡರಿನೊಳಗೇ ಬೀಳುವುದರಿಂದ ತಣ್ಣನೆಯ ಗೋಡೆಗೆ ಅಂಟಿ, ಉಂಗುರಗಳ ಸಂದಿನಿಂದ ಕೆಳಗೆ ಇಳಿಯುತ್ತದೆ. ಆಯಿಲ್ ಬಿಸಿಯಾದರೆ ಆ ಪೆಟ್ರೋಲ್ ಆವಿಯಾಗಿ ಹೊರಬೀಳುತ್ತದೆ. ಆದರೆ ನಾಲ್ಕು ಕಿಲೋಮೀಟರಿನಲ್ಲಿ ಕೂಲಂಟ್ ಮುಳ್ಳು ಅರ್ಧಕ್ಕೆ ಬಂದರೂ ಆಯಿಲ್ ಇನ್ನೂ ಉಗುರುಬೆಚ್ಚಗಷ್ಟೇ ಇರುತ್ತದೆ. ತೆಳ್ಳಗಾದ ಆಯಿಲ್ ಮೊದಲು ಹೊಡೆಯುವುದು ಟರ್ಬೊ ಬೇರಿಂಗಿಗೆ.

ಈಗಲೇ ಆಯಿಲ್ ಬದಲಾಯಿಸಿ, ಮಟ್ಟ ಗರಿಷ್ಠ ಗೆರೆ ದಾಟಿದ್ದರೆ ಬದಲಾಯಿಸುವ ತನಕ ದೂರ ಓಡಿಸಬೇಡಿ. ಇನ್ನು ಮುಂದೆ ಎರಡು ವರ್ಷ, 30,000 ಕಿ.ಮೀ. ಎನ್ನುವ ಲಾಂಗ್‌ಲೈಫ್ ಲೆಕ್ಕವನ್ನು ಮರೆತು ವರ್ಷಕ್ಕೊಮ್ಮೆ, ಹೆಚ್ಚೆಂದರೆ 15,000 ಕಿ.ಮೀ.ಗೆ ಮಾಡಿಸಿ. ನಿಮ್ಮ ಬಳಕೆಗೆ ಅದೇ ಸರಿ. ವಾರಕ್ಕೊಮ್ಮೆ ಅರ್ಧ ಗಂಟೆ ಆಟೊಬಾನಿಗೆ ಹೋಗಿ. ಎಂಜಿನ್ ಬಿಸಿಯಾದ ಮೇಲೆ 80 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿ, ಒಂದು ಗೇರು ಕೆಳಗಿಟ್ಟು 3,000 ಆರ್‌ಪಿಎಂ ಮೇಲೆ ಸ್ವಲ್ಪ ಹೊತ್ತು ಓಡಿಸಿ, ಹಿಂದೆ ಯಾರೂ ಇಲ್ಲದಾಗ ಗೇರಿನಲ್ಲೇ ಕಾಲು ಪೂರ್ತಿ ತೆಗೆದು ಗಾಡಿ ಉರುಳಲು ಬಿಡಿ. ಆಗ ಪೆಟ್ರೋಲ್ ನಿಂತು ಬರೀ ಗಾಳಿ ಬಿಸಿ ಫಿಲ್ಟರಿಗೆ ಹೋಗುತ್ತದೆ, ಆ ಆಮ್ಲಜನಕಕ್ಕೆ ಮಸಿ ಉರಿಯುತ್ತದೆ. ಇದನ್ನು ನಾಲ್ಕೈದು ಸಲ ಮಾಡಿ. ನ್ಯೂಟ್ರಲ್‌ಗೆ ಹಾಕಿ ಉರುಳಿಸಿದರೆ ಪ್ರಯೋಜನವಿಲ್ಲ.

ವೇಸ್ಟ್‌ಗೇಟಿನ ಕಡ್ಡಿ ಹಿಡಿದುಕೊಳ್ಳುವುದು, ಇನ್‌ಟೇಕ್ ವಾಲ್ವಿಗೆ ಮಸಿ ಕಟ್ಟುವುದು ಇವೂ ಬರೀ ಗಿಡ್ಡ ಓಡಾಟದ ಗಾಡಿಗಳಲ್ಲೇ ಜಾಸ್ತಿ. ನಾಲ್ಕು ಕಿಲೋಮೀಟರಿಗೆ ಸೈಕಲ್ ಸಾಕಾಗುವ ದಿನಗಳಲ್ಲಿ ದಯವಿಟ್ಟು ಗಾಡಿಗೆ ರಜೆ ಕೊಡಿ.

ಪ್ರಶ್ನೆ: 110 ಪಿಎಸ್ ಡಿಎಸ್‌ಜಿ ಗಾಡಿ. ಟ್ರಾಫಿಕ್‌ನಲ್ಲಿ ಒಂದರಿಂದ ಎರಡಕ್ಕೆ ಬೀಳುವಾಗ ಗಡಗಡ ನಡುಗುತ್ತದೆ. (ಫ್ರಾಂಕ್‌ಫರ್ಟ್)

ಈ ಏಳು ಗೇರಿನ ಡಿಎಸ್‌ಜಿಯಲ್ಲಿರುವುದು ಎರಡು ಒಣ ಕ್ಲಚ್ಚು, ಆಯಿಲ್ ಅದನ್ನು ತಣಿಸುವುದಿಲ್ಲ. ಬ್ರೇಕ್ ಅರ್ಧ ಬಿಟ್ಟು ಇಂಚಿಂಚು ತೆವಳಿದಷ್ಟು ಹೊತ್ತೂ ಕ್ಲಚ್ ಅರೆಬರೆ ಹಿಡಿದು ಬಿಸಿಯಾಗುತ್ತಿರುತ್ತದೆ. ಕಾದ ಕ್ಲಚ್ಚಿನ ಮೈ ಹೊಳಪಾಗಿ ನಡುಕ ಶುರು. ಮುಂದಿನ ಗಾಡಿಗೂ ನಿಮಗೂ ಒಂದೆರಡು ಕಾರಿನಷ್ಟು ಅಂತರ ಆಗಲು ಬಿಟ್ಟು, ಆಮೇಲೆ ಒಮ್ಮೆಗೇ ಹೋಗಿ ಮತ್ತೆ ಪೂರ್ತಿ ನಿಲ್ಲಿ. ನಿಂತಾಗ ಬ್ರೇಕ್ ಗಟ್ಟಿಯಾಗಿ ಒತ್ತಿದರೆ ಕ್ಲಚ್ ಬಿಟ್ಟುಕೊಳ್ಳುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಮೇಲೆ ಗಾಡಿ ನಿಲ್ಲಿಸಿಕೊಳ್ಳಬೇಡಿ. ಇಷ್ಟಕ್ಕೂ ನಡುಕ ಹೋಗದಿದ್ದರೆ ಗ್ಯಾರೇಜಿನಲ್ಲಿ ಕ್ಲಚ್ಚಿನ ಸವೆತದ ಅಂಕಿ ಓದಿಸಿ, ಬೇಸಿಕ್ ಸೆಟ್ಟಿಂಗ್ (ಕ್ಲಚ್ ಹಿಡಿಯುವ ಜಾಗವನ್ನು ಗೇರ್‌ಬಾಕ್ಸಿನ ಕಂಪ್ಯೂಟರಿಗೆ ಮತ್ತೆ ಕಲಿಸುವುದು) ಮಾಡಿಸಿ. ಕ್ಲಚ್ ಜೋಡಿ ಬದಲಾಯಿಸುವುದು ಕೊನೆಯ ದಾರಿ.

ಪ್ರಶ್ನೆ: ಅಪ್ಪ–ಅಮ್ಮ ಊರಿಂದ ಬರುತ್ತಿದ್ದಾರೆ. ನಾವಿಬ್ಬರು, ಅವರಿಬ್ಬರು, ಒಂದು ಮಗು, 23 ಕಿಲೋದ ನಾಲ್ಕು ಸೂಟ್‌ಕೇಸ್. ಮೇಲೆ ರೂಫ್ ಬಾಕ್ಸ್ ಹಾಕಿದರೆ ಗಾಡಿ ತಡೆಯುತ್ತದೆಯೇ? (ಸ್ಟುಟ್‌ಗಾರ್ಟ್)

ಜಾಗ ಸಾಕಾಗುತ್ತದೆ, ನೋಡಬೇಕಾದ್ದು ತೂಕ. ಫಾರ್‌ತ್ಸೊಯ್ಗ್‌ಶೈನ್‌ನಲ್ಲಿ ಎಫ್.2 ಎಂದರೆ ಗಾಡಿ ತೂಗಬಹುದಾದ ಗರಿಷ್ಠ, ಜಿ ಎಂದರೆ 75 ಕಿಲೋ ಡ್ರೈವರ್ ಸೇರಿದ ಖಾಲಿ ತೂಕ. ಎಫ್.2ರಿಂದ ಜಿ ಕಳೆಯಿರಿ. ಉಳಿದದ್ದು ಮಿಕ್ಕ ನಾಲ್ವರಿಗೂ ಸಾಮಾನಿಗೂ. ಅಪ್ಪ 65, ಅಮ್ಮ 60, ನಿಮ್ಮವರು 60, ಮಗು ಮತ್ತು ಸೀಟು 30, ಸೂಟ್‌ಕೇಸ್ 92, ಬಾಕ್ಸು ಮತ್ತು ಅಡ್ಡಕಂಬಿ 22 ಎಂದುಕೊಂಡರೆ 329 ಕಿಲೋ. ನಿಮ್ಮ ಕಾಲಂನ ಅಂಕಿ ಇದಕ್ಕಿಂತ ಹೆಚ್ಚಿರಬೇಕು. ಹಿಂದಿನ ಆಕ್ಸಲ್ ಮಿತಿ 8.2ರಲ್ಲಿದೆ, ಡಿಕ್ಕಿ ತುಂಬಿದಾಗ ಅದೇ ಮೊದಲು ಮೀರುವುದು.

ಛಾವಣಿಯ ಮಿತಿ 75 ಕಿಲೋ, ಅದರಲ್ಲಿ ಬಾಕ್ಸೂ ಕಂಬಿಯೂ ಸೇರಿವೆ. ಅಂದರೆ ಮೇಲೆ ಎರಡು ಸೂಟ್‌ಕೇಸ್ ಮಾತ್ರ, ಅದೂ ಇದ್ದುದರಲ್ಲಿ ಹಗುರವಾದದ್ದು. ಭಾರದ ಎರಡನ್ನು ಡಿಕ್ಕಿಯ ನೆಲದ ಮೇಲೆ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿ ಮಲಗಿಸಿ. ಅಕ್ಕಿ ಚೀಲ, ಉಪ್ಪಿನಕಾಯಿ ಜಾಡಿಯಂಥ ಭಾರದ ಸಾಮಾನು ಸೀಟಿನ ಮಟ್ಟಕ್ಕಿಂತ ಮೇಲೆ ಇಡಬಾರದು, ಬ್ರೇಕ್ ಹಾಕಿದರೆ ಅದು ನೇರ ತಲೆಗೆ ಬರುತ್ತದೆ. ಗಾಡಿಯಲ್ಲಿ ಅಂಟಿಸಿರುವ ಟೈರಿನ ಚೀಟಿಯಲ್ಲಿ ಪೂರ್ತಿ ಲೋಡಿನ ಗಾಳಿ ಒತ್ತಡ ಬೇರೆಯೇ ಬರೆದಿದೆ, ಟೈರು ತಣ್ಣಗಿರುವಾಗ ಅಷ್ಟು ಹಿಡಿಸಿ, ಟೈರ್ ಒತ್ತಡದ ಎಚ್ಚರಿಕೆಯನ್ನು ರಿಸೆಟ್ ಮಾಡಿ. ಹ್ಯಾಲೊಜೆನ್ ದೀಪದ ಗಾಡಿಯಾದರೆ ಬೆಳಕಿನ ಎತ್ತರದ ಚಕ್ರ ತಿರುಗಿಸಿ ಕೆಳಗಿಳಿಸಿ, ಇಲ್ಲದಿದ್ದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ತುಂಬಿದ ಗಾಡಿಯನ್ನು ಆರನೇ ಗೇರಿನಲ್ಲಿ 1,300 ಆರ್‌ಪಿಎಂಗೆ ಇಳಿಸಿ ಪೂರ್ತಿ ಒತ್ತಬೇಡಿ. ಸಣ್ಣ ಟರ್ಬೊ ಎಂಜಿನ್‌ಗಳಲ್ಲಿ ಕಿಡಿ ಬೀಳುವ ಮುಂಚೆಯೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ನಿಗೆ ಏಟು ಬೀಳುವುದು ಇಂಥ ಹೊತ್ತಿನಲ್ಲೇ. ಗೇರು ಇಳಿಸಿ 2,000 ಮೇಲೆ ಎಳೆಯಿರಿ.

ಪ್ರಶ್ನೆ: ಜರ್ಮನಿಯಲ್ಲಿ ತಮ್ಮನ ಫ್ಯಾಬಿಯಾ ಕಾಂಬಿ ಓಡಿಸಿ ಬಂದೆ. ಇಲ್ಲಿನ ಸ್ಕೋಡಾ ಸ್ಲಾವಿಯಾ ಸೆಡಾನಿನಲ್ಲೂ ಅದೇ 1.0 ಟಿಎಸ್‌ಐ ಅಂತೆ. ಹಾಗಾದರೆ ಕಾಂಬಿ ಇಲ್ಲೇಕೆ ಇಲ್ಲ? (ಹುಬ್ಬಳ್ಳಿ)

ಎಂಜಿನ್ ಕುಟುಂಬ ಒಂದೇ, 999 ಸಿಸಿ. ಟ್ಯೂನಿಂಗ್ ಬೇರೆ: ಸ್ಲಾವಿಯಾ, ಕುಶಾಕ್‌ನಲ್ಲಿ 115 ಪಿಎಸ್, 178 ನ್ಯೂಟನ್ ಮೀಟರ್. 1.0 ಆಟೊಮ್ಯಾಟಿಕ್ ಇಲ್ಲಿ ಒಣ ಕ್ಲಚ್ಚಿನ ಡಿಎಸ್‌ಜಿ ಬದಲು ಟಾರ್ಕ್ ಕನ್ವರ್ಟರ್ (ಆಯಿಲ್ ಮೂಲಕ ಬಲ ಸಾಗಿಸುವ) ಗೇರ್‌ಬಾಕ್ಸ್ ಜೊತೆ ಬಂತು, ನಮ್ಮ ಊರುಗಳ ಟ್ರಾಫಿಕ್‌ಗೆ ಅದು ಒಳ್ಳೆಯ ಆಯ್ಕೆ.

ಎಸ್ಟೇಟ್ ಇಲ್ಲಿ ಬಾರದೇ ಇದ್ದದ್ದಲ್ಲ. ಮಾರುತಿ ಬಲೆನೊ ಆಲ್ಟುರಾ, ಒಪೆಲ್ ಕೋರ್ಸಾ ಸ್ವಿಂಗ್, ಟಾಟಾ ಇಂಡಿಗೊ ಮರಿನಾ ಬಂದು ಹೋದವು, ಜನ ಡಿಕ್ಕಿ ಹೊರಗೆ ಚಾಚಿದ ಸೆಡಾನನ್ನೇ ಮೆಚ್ಚಿದರು. ತೆರಿಗೆಯೂ ಒಂದು ಕಾರಣ. ನಾಲ್ಕು ಮೀಟರ್ ಒಳಗಿನ, 1,200 ಸಿಸಿವರೆಗಿನ ಪೆಟ್ರೋಲ್ ಕಾರಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 18%, ಅದಕ್ಕಿಂತ ಉದ್ದದ್ದಕ್ಕೆ 40%. ನಾಲ್ಕೂಕಾಲು ಮೀಟರಿನ ಕಾಂಬಿ ದೊಡ್ಡ ಕಾರಿನ ತೆರಿಗೆ ಕಟ್ಟಬೇಕಾಗುತ್ತದೆ. ಸ್ಲಾವಿಯಾದ ಡಿಕ್ಕಿ 521 ಲೀಟರ್, ಕಾಂಬಿಯದು 530. ಲೆಕ್ಕಕ್ಕೆ ಹತ್ತಿರ ಹತ್ತಿರವೇ, ಆದರೆ ವಾಷಿಂಗ್ ಮೆಷಿನ್ ತರಬೇಕಾದಾಗ ಗೊತ್ತಾಗುತ್ತದೆ: ಸೆಡಾನಿನ ಬಾಯಿಗೆ ಅದು ಹಿಡಿಯುವುದಿಲ್ಲ, ಕಾಂಬಿಗೆ ಸೀಟು ಮಡಚಿದರೆ ಸಲೀಸಾಗಿ ಒಳಗೆ ಹೋಗುತ್ತದೆ.

ಪ್ರಶ್ನೆ: ಗಾಡಿ ಆಫ್ ಮಾಡಿ ಲಾಕ್ ಮಾಡಿದ ಮೇಲೂ ಬಾನೆಟ್ ಒಳಗೆ ಗುಂಯ್ ಎನ್ನುತ್ತಿರುತ್ತದೆ. ಸ್ಟಾರ್ಟ್–ಸ್ಟಾಪ್ ಕೂಡ ಈಚೆಗೆ ಕೆಲಸ ಮಾಡುತ್ತಿಲ್ಲ. (ಎರ್ಲಾಂಗೆನ್)

ಇವು ಬೇರೆ ಬೇರೆ ವಿಷಯ. ಗುಂಯ್ ಎನ್ನುವುದು ಟರ್ಬೊಗೆ ನೀರು ತಿರುಗಿಸುವ ವಿದ್ಯುತ್ ಪಂಪು, ಕೆಲವೊಮ್ಮೆ ರೇಡಿಯೇಟರ್ ಫ್ಯಾನು. ಜೋರಾಗಿ ಓಡಿಸಿ ಬಂದಾಗ ಕೆಲವು ನಿಮಿಷ ಓಡಿ ತಾನೇ ನಿಲ್ಲುತ್ತದೆ, ಬ್ಯಾಟರಿ ತಂತಿ ಬಿಚ್ಚಲು ಹೋಗಬೇಡಿ. ಸಿಗ್ನಲ್‌ನಲ್ಲಿ ಎಂಜಿನ್ ತಾನೇ ಆಫ್ ಆಗಿ ಮತ್ತೆ ಆನ್ ಆಗುವ ಸ್ಟಾರ್ಟ್–ಸ್ಟಾಪ್ ನಿಂತಿದ್ದು ಬಹುಪಾಲು ಬ್ಯಾಟರಿ ಸೋತ ಸೂಚನೆ. ಬದಲಾಯಿಸುವಾಗ ಹಳೆಯದರ ಮೇಲೆ ಇಎಫ್‌ಬಿ ಎಂದಿದ್ದರೆ ಇಎಫ್‌ಬಿ, ಎಜಿಎಂ ಎಂದಿದ್ದರೆ ಎಜಿಎಂ. ಸಾದಾ ಬ್ಯಾಟರಿ ಹಾಕಿದರೆ ದಿನಕ್ಕೆ ಹತ್ತಾರು ಸಲ ಸ್ಟಾರ್ಟ್ ಆಗುವ ಹೊಡೆತಕ್ಕೆ ಬೇಗ ಕೈಕೊಡುತ್ತದೆ. ಮೊದಲ ಹಿಮ ಬೀಳುವ ಮುಂಚೆ, ಚಳಿಗಾಲದ ಟೈರು ಹಾಕಿಸುವ ದಿನವೇ ಬ್ಯಾಟರಿ ಟೆಸ್ಟ್ ಮಾಡಿಸಿಬಿಡಿ. ಚಕ್ರದ ಬೋಲ್ಟು 120 ನ್ಯೂಟನ್ ಮೀಟರಿಗೆ ಬಿಗಿಸಿ, ಐವತ್ತು–ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿ. ಟೈರಿನ ಮೇಲೆ ಪರ್ವತದೊಳಗೆ ಹಿಮದ ಹರಳಿನ ಚಿತ್ರ ಇರಲೇಬೇಕು. ಬರೀ ಎಂ+ಎಸ್ ಎಂದು ಬರೆದದ್ದು 2024ರ ಅಕ್ಟೋಬರ್‌ನಿಂದ ಜರ್ಮನಿಯಲ್ಲಿ ಚಳಿಗಾಲದ ಟೈರೆಂದು ನಡೆಯುವುದಿಲ್ಲ.